ಮೂವತ್ತಕ್ಕೆ ಹನ್ನೊಂದು ತಿಂಗಳು

ಊಟ ತಲುಪಿಸುವ ಕೆಲಸದಲ್ಲಿ ಬೈಕಿನಿಂದ ಬಿದ್ದು ನನ್ನ ಬೆನ್ನುಮೂಳೆ ಮುರಿದು ಎರಡು ವರ್ಷವಾಯಿತು. ಅಂದಿನಿಂದ ನನ್ನನ್ನು ಎತ್ತಿ ಗಾಲಿಕುರ್ಚಿಗೆ ಹಾಕುವವಳು, ಮೀಯಿಸುವವಳು, ಬಟ್ಟೆ ತೊಡಿಸುವವಳು ನನ್ನಜ್ಜಿ. ಅವಳಿಗೀಗ ಎಪ್ಪತ್ತೊಂಬತ್ತು. ತೋವಾ ಪಾಯೋ ಬಡಾವಣೆಯ ಹನ್ನೊಂದನೇ ಮಹಡಿಯ ಮನೆಯಲ್ಲಿ ನಾವಿಬ್ಬರೇ. ಗೆಳೆಯರು ಮೊದಲ ತಿಂಗಳು ಡ್ಯೂರಿಯನ್ ಹಣ್ಣು ಹಿಡಿದು ಬಂದರು, ಆಮೇಲೆ ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದರು, ಈಗ ಅದೂ ಇಲ್ಲ.

ಹೋದ ವಾರ ಅಜ್ಜಿಯ ಸೊಂಟ ಹಿಡಿದುಕೊಂಡಿತು. ಆರೈಕೆ ಕೇಂದ್ರದಲ್ಲಿ ನನಗೊಂದು ಹಾಸಿಗೆ ಖಾಲಿಯಿದೆಯಂತೆ, ಶುಕ್ರವಾರದೊಳಗೆ ಹೇಳಬೇಕಂತೆ. ಸರ್ಕಾರದ ಆರೈಕೆ ವಿಮೆ ಸಿಕ್ಕರೆ ಮನೆಯಲ್ಲೇ ಆಳಿಟ್ಟುಕೊಂಡು ಇರಬಹುದು. ಆದರೆ ಆ ವಿಮೆ ಶುರುವಾಗುವುದೇ ಮೂವತ್ತು ವರ್ಷ ತುಂಬಿದ ಮೇಲೆ.

“ನಿಂಗೆ ಮೂವತ್ತಾಯ್ತಲ್ಲೋ ಬೂನ್! ಈ ಹೊಸ ವರ್ಷಕ್ಕೇ ಆಯ್ತು. ಎದ್ದೇಳು, ಹೋಗೋಣ.”

“ಎದ್ದೇಳೋಕೆ ಆಗಿದ್ರೆ ವಿಮೆ ಯಾಕಜ್ಜಿ?”

“ತಲೆಹರಟೆ.”

ನಮ್ಮ ಚೀನೀ ಹಿರಿಯರ ಲೆಕ್ಕದಲ್ಲಿ ಮಗು ಹುಟ್ಟಿದ ಕೂಡಲೇ ಅದಕ್ಕೆ ಒಂದು ವರ್ಷ. ಆಮೇಲೆ ಹೊಸ ವರ್ಷ ಬಂದಾಗಲೆಲ್ಲ ಒಂದೊಂದು. ಗುರುತಿನ ಚೀಟಿಯ ಲೆಕ್ಕದಲ್ಲಿ ನನಗೆ ಇಪ್ಪತ್ತೊಂಬತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಜ್ಜಿ ಹೂವಿನ ಅಂಗಿ ತೊಟ್ಟು, ಎಷ್ಟೋ ದಿನದ ಮೇಲೆ ನಗುತ್ತಿದ್ದಳು. ಬಾಯಿಬಿಡಲು ನನಗೆ ಧೈರ್ಯವಾಗಲಿಲ್ಲ.

ವಿಮೆ ಕಚೇರಿಯ ಕೌಂಟರಿನಲ್ಲಿದ್ದ ಹುಡುಗಿ ಚೀಟಿ ನೋಡಿ ಮೆಲ್ಲಗೆ ಹೇಳಿದಳು: “ಅಜ್ಜೀ, ಇನ್ನೂ ಹನ್ನೊಂದು ತಿಂಗಳು ಇದೆ.”

“ಹೊಟ್ಟೇಲಿ ಇದ್ದಿದ್ದು ಸೇರಿಸಮ್ಮ.”

“ಅದನ್ನ ಸೇರಿಸೋ ಹಾಗಿಲ್ಲ ಅಜ್ಜಿ. ಹುಟ್ಟಿದ ದಿನದಿಂದ ಲೆಕ್ಕ.”

“ಇವ್ನು ಹುಟ್ಟಿದ ದಿನಾನೇ ನನ್ನ ಮಗಳು ಹೋಗ್ಬಿಟ್ಲು ಕಣಮ್ಮ. ಇವ್ನು ಅಮ್ಮನ ಜೊತೆ ಇದ್ದಿದ್ದೇ ಆ ಒಂಬತ್ತು ತಿಂಗಳು. ಅದೂ ಲೆಕ್ಕಕ್ಕಿಲ್ಲ ಅಂದ್ರೆ ಹೆಂಗೆ?”

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಪಾಪ, ಅವಳ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು. ಗೊತ್ತಿದ್ದೂ ಮುದುಕಿಯನ್ನು ಇಲ್ಲಿಯವರೆಗೆ ಬರಲು ಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಬಸ್ ನಿಲ್ದಾಣದಲ್ಲಿ ಅಜ್ಜಿ ಅಂದಳು, “ಹನ್ನೊಂದು ತಿಂಗಳು ತಾನೇ? ನಾನೇ ಎತ್ತೀನಿ ಬಿಡು.” ಜಾರಿದ್ದ ನನ್ನ ಕಾಲನ್ನು ಕುರ್ಚಿಯ ಕಾಲುಹಲಗೆಯ ಮೇಲಿಡಲು ಬಗ್ಗಿದವಳು ಮತ್ತೆ ನೆಟ್ಟಗಾಗಲಿಲ್ಲ. ನನ್ನ ಮೊಣಕಾಲು ಹಿಡಿದು ಹಾಗೇ ನಿಂತಳು. ಆ ಹಿಡಿತ ನನ್ನ ಕಾಲಿಗೆ ತಿಳಿಯಲಿಲ್ಲ.

ಆರೈಕೆ ಕೇಂದ್ರಕ್ಕೆ ಫೋನ್ ಮಾಡಿದೆ. ಬರುತ್ತೇನೆ ಎಂದೆ. ಆ ಕಡೆಯ ಹೆಂಗಸು ಹೆಸರು ಬರೆದುಕೊಂಡು ವಯಸ್ಸು ಕೇಳಿದಳು.

ಅಜ್ಜಿ ಬಗ್ಗಿದಲ್ಲಿಂದಲೇ ತಲೆಯೆತ್ತಿ ನೋಡಿದಳು.

“ಮೂವತ್ತು,” ಎಂದೆ.