ಬಲಗಾಲು ಮತ್ತು ಕೋಳಿಸಾರು

ಮೊಂತೆಗ್ರಿಲ್ಲೊ ಗುಡ್ಡದ ಓಟಕ್ಕೆ ಓರೆಸ್ತೆಯ ಕೆಂಪು ಕಾರು ಇಳಿಯದ ವರ್ಷವೇ ಇರಲಿಲ್ಲ. ಈ ಸಲ ಅವನ ಮಂಡಿ ಕೈಕೊಟ್ಟಿತು. ಸ್ಟೀರಿಂಗ್ ನನಗೆ ಎಂದು ಮನೆಯಲ್ಲಿ ಇಬ್ಬರು ಎದ್ದು ನಿಂತರು: ಅವನ ಮಗ ದುಯಿಲಿಯೊ, ತಮ್ಮನ ಮಗಳು ಮಿರ್ನಾ. ಬೇರೆ ಮನೆಯಾಗಿದ್ದರೆ ಮಗನಿಗೇ ಎಂದು ಮಾತು ಮುಗಿಸುತ್ತಿದ್ದರು. ಈ ಮನೆಯಲ್ಲಿ ನ್ಯಾಯ ಹೇಳುವವಳು ಓರೆಸ್ತೆಯ ತಾಯಿ, ಅಜ್ಜಿ ಆರ್ಜಿಯಾ. ಅವಳ ತಕ್ಕಡಿ ಎಂದರೆ ಒಂದು ಬಟ್ಟಲು ಕೋಳಿಸಾರು.

ಪ್ರತಿ ವರ್ಷ ಓಟದ ಹಿಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಬಿಳಿ ಏಪ್ರನ್ ಕಟ್ಟಿ, ತುಂಬಿದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಗುಡ್ಡದ ಮೇಲಿನ ಚರ್ಚಿನಿಂದ ಮನೆಯವರೆಗೆ ಕಾರಿನಲ್ಲಿ ಇಳಿಯುತ್ತಾಳೆ. ಯಾರು ಓಡಿಸಿದಾಗ ಏಪ್ರನ್ ಒದ್ದೆಯಾಗದೆ ಉಳಿಯುತ್ತದೋ ಕಾರು ಅವರದು. ಹಾಗೆಂದು ಬಸವನಹುಳುವಿನಂತೆ ತೆವಳುವ ಹಾಗಿಲ್ಲ. ಓರೆಸ್ತೆ ಗಡಿಯಾರ ಹಿಡಿದು ಕೆಳಗೆ ನಿಂತಿರುತ್ತಾನೆ.

ಸಂಕಟವೆಲ್ಲ ತಿರುವುಗಳಲ್ಲಿ. ಬ್ರೇಕ್ ಒತ್ತಿದ ಹಾಗೇ ಗೇರ್ ಇಳಿಸಬೇಕು, ಇಳಿಸುವ ಆ ಗಳಿಗೆಯಲ್ಲೇ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಎಂಜಿನ್ನನ್ನು ಎಚ್ಚರಿಸಬೇಕು. ಎಡಗಾಲು ಕ್ಲಚ್ ಬಿಟ್ಟು ಅಲ್ಲಾಡುವಂತಿಲ್ಲ, ಹಾಗಾಗಿ ಬ್ರೇಕ್, ಆಕ್ಸಿಲರೇಟರ್ ಎರಡೂ ಬಲಗಾಲಿನ ಪಾಲು. ತಪ್ಪಿದರೆ ಎಂಜಿನ್ನಿಗೂ ಚಕ್ರಕ್ಕೂ ಎತ್ತು ಏರಿಗೆ, ಕೋಣ ನೀರಿಗೆ, ಕಾರು ಮುಗ್ಗರಿಸುತ್ತದೆ. ಓರೆಸ್ತೆ ಕಾಲ್ಬೆರಳಿನಿಂದ ಬ್ರೇಕ್ ಒತ್ತಿ ಹಿಮ್ಮಡಿಯಿಂದ ಆಕ್ಸಿಲರೇಟರ್ ತಟ್ಟುತ್ತಿದ್ದ. ಅವನದು ಮೊರದಂಥ ಪಾದ, ನಡೆಯುತ್ತಿತ್ತು. ಮಿರ್ನಾಳದು ಪುಟ್ಟ ಪಾದ. ಹಿಮ್ಮಡಿ ಎಟುಕಿಸಲು ಹೋದರೆ ಬೆರಳು ಬ್ರೇಕಿನಿಂದ ಜಾರುತ್ತಿತ್ತು.

"ದೊಡ್ಡಪ್ಪ, ಪೆಡಲ್ ಇರೋ ಜಾಗ ಸರಿಯಿಲ್ಲ" ಎಂದಳು.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ" ಎಂದ ದುಯಿಲಿಯೊ.

"ಪೋಲ್ಕಾ ಕುಣಿಯೋವಾಗ ಊರಿನ ಹುಡುಗೀರ ಕಾಲೆಲ್ಲಾ ತುಳಿಯೋದು ಯಾರಣ್ಣ? ನಾನಾ?"

ನೆಲ ನಿಜಕ್ಕೂ ಡೊಂಕೇ ಇತ್ತು. ಮಿರ್ನಾ ಹಿಮ್ಮಡಿಯ ಆಸೆಯನ್ನೇ ಬಿಟ್ಟಳು. ಹೆಬ್ಬೆರಳಿನ ಬುಡ ಬ್ರೇಕಿನ ಅಂಚಿನಲ್ಲಿರಲಿ, ಪಾದವನ್ನು ಹೊರಕ್ಕೆ ವಾಲಿಸಿದರೆ ಕಿರುಬೆರಳಿನ ಕಡೆಯ ಅಂಚು ಆಕ್ಸಿಲರೇಟರಿಗೆ ತಾಗಲಿ ಎಂದು ಲೆಕ್ಕ ಹಾಕಿದಳು. ಆಕ್ಸಿಲರೇಟರನ್ನು ಹತ್ತಿರ ತರಲು ಅದರ ಮೇಲೆ ಮರದ ತುಂಡೊಂದನ್ನು ಬಿಗಿದಳು, ಬ್ರೇಕಿಗೆ ಸರಿಸಮ ಎತ್ತರಕ್ಕೆ. ತಪ್ಪಿದ್ದು ಅಲ್ಲೇ. ಅಂಗಳದಲ್ಲಿ ಓಡಿಸಿ ಬ್ರೇಕ್ ಒತ್ತಿದ್ದೇ ತಡ, ಬ್ರೇಕ್ ಕೆಳಗೆ ಹೋಯಿತು, ಮರದ ತುಂಡು ಮೇಲೆಯೇ ಉಳಿಯಿತು, ಪಾದ ಪೂರ್ತಿ ಅದರ ಮೇಲೆ ಕೂತಿತು. ಕಾರು ನೆಗೆದು ಕೋಳಿಗೂಡಿನ ಬಾಗಿಲು ಕಿತ್ತಿತು. ಕೋಳಿಗಳೆಲ್ಲ ಬಾನೆಟ್ ಹತ್ತಿದವು.

"ನೋಡಿ, ಸಾರಿಗೆ ಕೋಳಿ ತಾನಾಗೇ ಬಂತು" ಎಂದ ದುಯಿಲಿಯೊ.

ಓರೆಸ್ತೆ ನೋಯುವ ಮಂಡಿ ಹಿಡಿದುಕೊಂಡು ನಕ್ಕ. "ಬ್ರೇಕ್ ಒತ್ತಿ ಹಿಡಿದು ಅಳತೆ ತಗೊಳ್ಳಮ್ಮ. ಅದು ತಗ್ಗಿದಾಗ ಎರಡೂ ಸಮ ಇರಬೇಕು, ಎದ್ದು ನಿಂತಾಗಲ್ಲ."

ಮಿರ್ನಾ ತುಂಡನ್ನು ಹೆರೆದು ತೆಳುವಾಗಿಸಿದಳು. ಮತ್ತೆ ಓಡಿಸಿದಳು. ಪಾದ ವಾಲಿತು, ಎಂಜಿನ್ ಹೂಂಗುಟ್ಟಿತು, ಗೇರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಅವಳಿಗೆ ಹುಚ್ಚು ಹಿಡಿದಷ್ಟು ಖುಷಿ. ಕತ್ತಲಾಗುವವರೆಗೆ ಅಂಗಳ ಸುತ್ತುತ್ತಾ ಒಬ್ಬಳೇ ನಗುತ್ತಿದ್ದಳು.

ಭಾನುವಾರ ಮೊದಲ ಸರದಿ ದುಯಿಲಿಯೊನದು. ಕಾರು ಕೆಳಗೆ ಬಂದಾಗ ಸಾರು ಗಾಜಿನ ಮೇಲಿತ್ತು, ಅಜ್ಜಿಯ ಟೋಪಿಯಲ್ಲಿತ್ತು, ಬಟ್ಟಲಲ್ಲಿ ಮಾತ್ರ ಇರಲಿಲ್ಲ.

"ಧಾರಾಳವಾಗಿ ಬಡಿಸ್ದೆ ಮಗಾ" ಎಂದು ಅಜ್ಜಿ ಏಪ್ರನ್ ಬದಲಿಸಲು ಹೋದಳು.

ಆಮೇಲೆ ಮಿರ್ನಾ. ಮೊದಲ ತಿರುವು ಬಂತು, ಪಾದ ವಾಲಿತು, ಕಾರು ಚೂರೂ ಕುಲುಕಲಿಲ್ಲ. ಅವಳು ಹಿಗ್ಗುವಷ್ಟರಲ್ಲಿ ಪಕ್ಕದಿಂದ ಸುರ್ ಎಂಬ ಸದ್ದು. ಚೆಲ್ಲಿತು ಎಂದುಕೊಂಡಳು. ತಿರುಗಿ ನೋಡಿದರೆ ರಸ್ತೆ ತಪ್ಪುತ್ತದೆ. ಎರಡನೇ ತಿರುವಿನಲ್ಲೂ ಸುರ್. ಮೂರನೆಯದರಲ್ಲೂ. ಹೋದರೆ ಹೋಗಲಿ ಕಾರು, ಈ ಇಳಿಜಾರಿನ ಸುಖವನ್ನಾದರೂ ಪೂರ್ತಿ ಉಣ್ಣುತ್ತೇನೆ ಎಂದು ಇನ್ನೂ ಜೋರಾಗಿ ಬಿಟ್ಟಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

ಮನೆ ಮುಂದೆ ನಿಂತಾಗ ದುಯಿಲಿಯೊ ಕಿಟಕಿಯಲ್ಲಿ ಇಣುಕಿದ. "ಬಟ್ಟಲು ಖಾಲಿ. ನಂದ್ರಲ್ಲಿ ತಳದಲ್ಲಾದ್ರೂ ಒಂದು ಹನಿ ಇತ್ತು."

ಓರೆಸ್ತೆ ಕುಂಟುತ್ತಾ ಬಂದು ಗಡಿಯಾರ ನೋಡಿ ಹುಬ್ಬೇರಿಸಿದ, ಆಮೇಲೆ ಏಪ್ರನ್ ಮುಟ್ಟಿ ನೋಡಿದ. ಇಸ್ತ್ರಿ ಮಡಿಕೆ ಕೂಡ ಹಾಗೇ ಇತ್ತು.

ಅಜ್ಜಿ ತುಟಿ ಒರೆಸಿಕೊಂಡಳು. "ತಿರುವಿಗೊಂದು ಚಮಚ ಕುಡಿದೆ. ಕಾರು ಅಲ್ಲಾಡ್ತಾನೇ ಇಲ್ಲ, ಸಾರನ್ನ ಸುಮ್ನೆ ಯಾಕೆ ತಣ್ಣಗಾಗಿಸೋದು?"

"ಅಮ್ಮ, ಚಮಚ ಎಲ್ಲಿತ್ತು?"

"ಕೈಚೀಲದಲ್ಲಿ. ಯಾವಾಗ್ಲೂ ಇರುತ್ತೆ. ನಿಮ್ಮಪ್ಪ ಓಡಿಸ್ತಿದ್ದಾಗ ತೆಗೀತಿದ್ದೆ, ಅವರು ಹೋದ್ಮೇಲೆ ಇವತ್ತೇ ಹೊರಗೆ ತೆಗೆದಿದ್ದು."

ಇಷ್ಟು ವರ್ಷ ಏಪ್ರನ್ ಒದ್ದೆಯಾಗದಂತೆ ಉಳಿಸಿದ್ದಕ್ಕೇ ಬೀಗುತ್ತಿದ್ದ ಓರೆಸ್ತೆ ಗಡಿಯಾರವನ್ನು ಜೇಬಿಗಿಳಿಸಿದ. ಆಮೇಲೆ ಅವನಿಗೆ ತಡೆಯಲಾರದ ನಗು ಬಂತು. ಮಿರ್ನಾಳ ಕೈಗೆ ಕೀ ಹಾಕಿ ಅವಳ ಬೆರಳು ಮಡಿಚಿದ.

"ಮುಂದಿನ ಭಾನುವಾರ ಸ್ವಲ್ಪ ನಿಧಾನವಾಗಿ ಹೋಗಮ್ಮ" ಎಂದ. "ಗುಡ್ಡದ ದಾಖಲೆಯಾದ್ರೂ ನನ್ನ ಹೆಸರಲ್ಲಿರಲಿ."