ಕಿವಿ ಮುಟ್ಟಿದ ವಯಸ್ಸು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಹಗಲು ಜವಾನನಾಗಿ ದುಡಿದು, ಸಂಜೆ ತರಗತಿಯಲ್ಲಿ ಓದಿ ಶಾಲೆಯ ಗುಮಾಸ್ತನಾದವನು ನಾನು. ತಪ್ಪು ಹೇಳಿದರೆ ಕ್ಷಮಿಸಬೇಕು.

೧೯೮೮ರ ಆಗಸ್ಟ್. ಹತ್ತನೇ ತರಗತಿಯಲ್ಲಿ ಒಮ್ಮೆ ನಪಾಸಾಗಿದ್ದ ನಮ್ಮ ಶಾಲೆಯ ಇಬ್ಬರು ಹುಡುಗರು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಖಜೂರಿ ಹಳ್ಳಿಯ ಹುಡುಗಿಯೊಬ್ಬಳನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಒಬ್ಬ ಅಡತಿ ವ್ಯಾಪಾರಿ ದೌಲತರಾಯರ ಮಗ ಬಸವಂತರಾಯ. ಇನ್ನೊಬ್ಬ ಹಮಾಲಿ ಮಾಡುವ ಖಾದರಸಾಬರ ಮಗ ಗೌಸಮೊಹಿದ್ದೀನ. ಬಾಯಿತುಂಬ ಎಲೆಯಡಿಕೆ ಜಗಿದು, ಒಬ್ಬರಾದ ಮೇಲೆ ಒಬ್ಬರು ಅವಳ ಬಿಳಿ ಸಮವಸ್ತ್ರದ ಮೇಲೆ ಉಗುಳಿದರು. ಯಾರದು ಎಲ್ಲಿ ಬಿತ್ತೆಂದು ಇಬ್ಬರಿಗೂ ಪಂದ್ಯ. ಸ್ಟ್ಯಾಂಡಿನ ಆಚೆ ತುದಿಯಲ್ಲಿದ್ದ ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಹುಡುಗಿ ಒರೆಸಿಕೊಳ್ಳದೆ, ಕೈಗೆ ಹತ್ತೀತೆಂದು ಎರಡೂ ಕೈ ದೂರ ಹಿಡಿದು ನಿಂತಿದ್ದಳು. ಇಬ್ಬರಿಗೂ ಶಿಕ್ಷೆಯಾಗಲಿ ಎಂದೇ ಬಯಸಿದೆ.

ಮರುದಿನ ಬೆಳಿಗ್ಗೆ ಠಾಣೆಗೆ ಕರೆ ಬಂತು. ಹೋಗಿ ನೋಡಿದರೆ ಬಸವಂತರಾಯ ಬೆಂಚಿನ ಮೇಲೆ ಕೂತು ಬಸಿಯಲ್ಲಿ ಚಹಾ ಹೀರುತ್ತಿದ್ದ. ಗೌಸ ಅಂಗಿಯಿಲ್ಲದೆ ನೆಲದ ಮೇಲಿದ್ದ. ಬೆನ್ನ ತುಂಬ ಬೆಲ್ಟಿನ ಬಾಸುಂಡೆ.

"ವಯಸ್ಸಿನ ಹುಡುಗ್ರು ಸಾಹೇಬ್ರ, ಚೇಷ್ಟಿ ಮಾಡ್ಯಾವ," ಎಂದು ದೌಲತರಾಯರು ನಕ್ಕರು. ಠಾಣೆಯ ಅಧಿಕಾರಿ ಫೌಜದಾರರೂ ನಕ್ಕು ನನ್ನತ್ತ ತಿರುಗಿದರು.

"ಈ ಸಾಬನ ಹುಡುಗಂದು ವಯಸ್ಸಿನ ದಾಖಲಾ ತರ್ರಿ. ಹದಿನಾರು ತುಂಬಿದ್ರ ಕಲಬುರ್ಗಿ ಜೇಲು. ಇಲ್ಲಂದ್ರ ಅಪ್ಪನ ಕೈಯಾಗ ಕೊಟ್ಟು ಕಳಸ್ತೇನಿ."

ಖಾದರಸಾಬರು ಹೊರಗೆ ನನ್ನ ಬೆನ್ನು ಹತ್ತಿದರು. "ಕಾಲ ಬೀಳ್ತೇನ್ರಿ. ಅಂವಗ ಹದಿನೈದೂ ತುಂಬಿಲ್ಲ. ಕೈ ಉದ್ದ ಇದ್ದವಂತ ಲಗೂ ಸಾಲಿಗಿ ಹಾಕಿದ್ದೆ."

"ಎಂಥಾ ಹೊಲಸು ಕೆಲಸ ಮಾಡ್ಯಾನ್ರಿ ನಿಮ್ಮ ಮಗ!"

"ಮಾಡ್ಯಾನ್ರಿ. ಮನ್ಯಾಗ ಅವನ ಚರ್ಮ ಸುಲೀತೇನಿ. ಖರೇ, ಅಂವ ಒಬ್ಬನ ಮಾಡ್ಯಾನೇನ್ರಿ?"

ನಮ್ಮ ಕಡೆ ಹುಟ್ಟಿದ ದಿನ ಬರೆದಿಟ್ಟವರು ಕಡಿಮೆ. ಒಂದನೇ ತರಗತಿಗೆ ಬಂದ ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ. ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ದಾಖಲಾತಿ ಪುಸ್ತಕ ತೆಗೆದೆ. ಇಬ್ಬರೂ ಒಂದೇ ದಿನ ಕಿವಿ ಮುಟ್ಟಿದವರು. ಒಬ್ಬನ ಕೆಳಗೆ ಒಬ್ಬ, ಇಬ್ಬರಿಗೂ ೧-೬-೧೯೭೨. ಅಂದರೆ ಇಬ್ಬರಿಗೂ ಹದಿನಾರು ತುಂಬಿತ್ತು.

ಗೌಸನ ತಾರೀಖು ತಿದ್ದಲು ನನಗೆ ಅಧಿಕಾರವಿರಲಿಲ್ಲ, ಧೈರ್ಯವೂ ಇರಲಿಲ್ಲ. ಎರಡೂ ಸಾಲುಗಳನ್ನು ಒಂದೇ ಹಾಳೆಯಲ್ಲಿ ನಕಲು ಮಾಡಿ, ಕೆಳಗೆ ಸಹಿ ಹಾಕಿ ಒಯ್ದೆ.

ಫೌಜದಾರರು ಓದಿದರು. "ನಾ ಕೇಳಿದ್ದು ಒಬ್ಬಂದು. ಜೋಡಿ ಹೆಸರು ಬರದೀರಲ್ಲ, ಲಗ್ನಪತ್ರಿಕಾ ಏನ್ರಿ ಇದು?"

ಎಲ್ಲರೂ ನಕ್ಕರು. ಬಸವಂತರಾಯ ಎಲ್ಲರಿಗಿಂತ ಜೋರಾಗಿ ನಕ್ಕ.

"ಇಬ್ಬರದೂ ಅದೇ ತಾರೀಖು ಅದರಿ, ಸಾಹೇಬ್ರ," ಎಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಜೂನ್ ಒಂದಕ್ಕ ಅರ್ಧಾ ಆಳಂದ ಹುಟ್ಟೇದ. ಎಲ್ಲಾರ್ನೂ ಜೇಲಿಗಿ ಹಾಕ್ಲೇನು?"

ಫೌಜದಾರರು ಗೌಸನ ಸಾಲಿನ ಕೆಳಗೆ ಸ್ಕೇಲು ಇಟ್ಟು ಹಾಳೆಯನ್ನು ನೀಟಾಗಿ ಹರಿದರು. ಬಸವಂತರಾಯನ ಸಾಲಿನ ಜೊತೆ ನನ್ನ ಸಹಿಯೂ ಕೆಳಗಿನ ತುಂಡಿಗೆ ಹೋಯಿತು. ಆ ತುಂಡಿನಿಂದ ದೌಲತರಾಯರು ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸಿದರು.

ಫೌಜದಾರರು ಮೇಲಿನ ತುಂಡನ್ನು ನನ್ನತ್ತ ಸರಿಸಿದರು. "ಹಾಕ್ರಿ, ಇಲ್ಲಿ ಸಹಿ."

ಖಾದರಸಾಬರು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಹಾಕಿದೆ. ಅಕ್ಷರ ಕೂಡ ನಡುಗಲಿಲ್ಲ. ಆ ಹುಡುಗರ ಉಗುಳಿಗಿಂತ ನನ್ನ ಆ ಚೊಕ್ಕ ಸಹಿಯೇ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಮಧ್ಯಾಹ್ನ ಗೌಸನನ್ನು ಜೀಪು ಹತ್ತಿಸಿದರು. ಬಸವಂತರಾಯ ಅಪ್ಪನ ಸ್ಕೂಟರಿನ ಮೇಲೆ ಮನೆಗೆ ಹೋದ.

ಗೌಸನಿಗೆ ನಿಜವಾಗಿ ಎಷ್ಟು ವಯಸ್ಸಾಗಿತ್ತೋ ನನಗೆ ಗೊತ್ತಿಲ್ಲ. ಮಗನನ್ನು ಬಿಡಿಸಲು ತಂದೆ ಸುಳ್ಳು ಹೇಳಿದ್ದರೂ ಹೇಳಿರಬಹುದು. ಸಹಿ ಹಾಕದಿದ್ದರೆ ಏನಾಗುತ್ತಿತ್ತೋ ಅದೂ ಗೊತ್ತಿಲ್ಲ. ಆ ಹುಡುಗಿಯ ದೂರಿನಲ್ಲಿ ಇಬ್ಬರ ಹೆಸರಿತ್ತೋ ಒಬ್ಬನದೋ, ನನಗೆ ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ.