ತಂಡದ ತೀರ್ಮಾನ

ಮ್ಯಾನೇಜರು ತಾವೇ ಎದ್ದು ಫ್ಯಾನು ಹಾಕಿದರು. ನೀರಿನ ಬಾಟಲಿಗಳನ್ನು ಮೇಜಿನ ನಡುವಿಗೆ ಸರಿಸಿದರು. ಬಾಗಿಲ ಬಳಿ ನಿಂತು, "ಇವರಿರಲಿ, ಅವರು ಹೋಗ್ಲಿ ಅಂತ ಮೇಲಿನವರು ಹೇಳೋ ಕಾಲ ಮುಗೀತು. ಯಾವ ಮೇಜು ಎಲ್ಲಿರಬೇಕು ಅಂತ ನೀವೇ ತೀರ್ಮಾನ ಮಾಡಿದ್ರಿ. ಇದನ್ನೂ ನೀವೇ ಮಾಡಿ. ನಾನು ಮಧ್ಯೆ ಬರಲ್ಲ," ಎಂದು ಬಾಗಿಲು ಎಳೆದುಕೊಂಡು ಹೋದರು.

ಒಳಗೆ ಉಳಿದವರು ಐವರು. ಫ್ಯಾನಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ತಂಡವೆಂದರೆ ಇವರೇ. ಮೊದಲ ಕುರ್ಚಿಯಲ್ಲಿ ತಂಡದ ಲೀಡರು. ಅವನ ಪಕ್ಕದಲ್ಲಿ ದಪ್ಪ ಕನ್ನಡಕದ ಸೋಡಾಬುಡ್ಡಿ. ಅವನಾಚೆ, ಎರಡು ಮಕ್ಕಳ ತಂದೆಯಾದರೂ ಇನ್ನೂ ಮದುಮಗನೆಂದೇ ಕರೆಸಿಕೊಳ್ಳುವವನು. ಮದುವೆಗೆ ಹೊಲಿಸಿದ ಕೋಟು ತೊಟ್ಟು ಕೆಲಸ ಕೇಳಲು ಬಂದಿದ್ದನಂತೆ. ಎದುರಿಗೆ, ಸುತ್ತಿದ ಸುರುಳಿಗಳನ್ನು ಪರೀಕ್ಷಿಸುವ ಟೆಸ್ಟಿಂಗ್ ಅಕ್ಕ. ಕೊನೆಯ ಕುರ್ಚಿಯಲ್ಲಿ ಅವಳು, ಲೀಡರನ ಹೆಂಡತಿ.

ಮೇಜಿನ ಯೋಚನೆ ಅವಳದ್ದೇ ಆಗಿತ್ತು. ಕೆಲಸ ಮಾಡುವವರೇ ಕೆಲಸವನ್ನು ಸುಧಾರಿಸಬೇಕು ಎಂದು ಕಂಪನಿ ಹೇಳತೊಡಗಿದ ಹೊಸದರಲ್ಲಿ, ಮನೆಯಲ್ಲಿ ಪಾತ್ರೆ ತೊಳೆಯುತ್ತ ಗಂಡನಿಗೆ ಅಂದಿದ್ದಳು: "ಟೆಸ್ಟಿಂಗ್ ಮೇಜು ಆ ಮೂಲೇಲಿ ಯಾಕ್ರೀ ಇರಬೇಕು? ಸುರುಳಿ ಹೊತ್ಕೊಂಡು ಓಡಾಡೋದ್ರಲ್ಲೇ ಅರ್ಧ ಜೀವ ಹೋಗುತ್ತೆ. ನಮ್ಮ ನಡುವೆ ಇಟ್ರೆ ಅಕ್ಕ ಕೈ ಚಾಚಿದ್ರೆ ಸಿಗುತ್ತೆ." ಮರುದಿನ ಸಭೆಯಲ್ಲಿ ಅವನು ಅದನ್ನು ಹೇಳಿದ. ನಮ್ಮ ಮನೆಯವಳ ಯೋಚನೆ ಎಂದೂ ಹೇಳಿದ. ಮೇಜು ನಡುವಿಗೆ ಬಂತು. ಮದುಮಗ ಅದಕ್ಕೆ ಗಾಲಿ ಹಾಕಿದ, ಸೋಡಾಬುಡ್ಡಿ ತಂತಿಯ ಉರುಳೆಗಳನ್ನು ಓರೆಯಾಗಿ ನಿಲ್ಲಿಸಿದ. ಕೆಲಸ ನೀರು ಹರಿದಂತೆ ಹರಿಯಿತು. ಕ್ಯಾಂಟೀನಿನ ಗೋಡೆಗೆ ಐವರ ಫೋಟೋ ಬಂತು. ಅಷ್ಟು ಹಗುರಾಗಿ ಅವಳು ಎಂದೂ ಕೆಲಸಕ್ಕೆ ಹೋಗಿರಲಿಲ್ಲ.

ಆಮೇಲೆ, ಐವರ ಕೆಲಸಕ್ಕೆ ಈಗ ನಾಲ್ವರು ಸಾಕು ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

"ಚೀಟಿ ಎತ್ತಿಬಿಡೋಣ," ಎಂದ ಮದುಮಗ.

"ಅನ್ನದ ವಿಷಯದಲ್ಲಿ ಚೀಟಿ ಏನೋ," ಎಂದಳು ಅಕ್ಕ.

ಸೋಡಾಬುಡ್ಡಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. "ನಾನೇ ಮುದುಕ. ನಾನೇ ಹೋಗ್ತೀನಿ ಅನ್ಬೇಕು. ಬೆಳಗ್ಗಿಂದ ಬಾಯಿ ತೆರೀತಿದ್ದೀನಿ, ಮಾತು ಬರ್ತಿಲ್ಲ," ಎಂದ. ಯಾರೂ ಅವನ ಕಡೆ ನೋಡಲಿಲ್ಲ.

ಗಂಡ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದ. "ನಮ್ಮ ಮನೆಯವಳು ಬಿಡ್ತಾಳೆ," ಎಂದ. "ನಮ್ಮನೇಲಿ ಎರಡು ಸಂಬಳ ಬರುತ್ತೆ. ಲೀಡರಾಗಿ ಬೇರೆ ಯಾರ ಹೆಸರು ಹೇಳಿದ್ರೂ ನಾಳೆ ನಿಮ್ಮ ಮುಖ ಹೇಗೆ ನೋಡ್ಲಿ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿಯೆನ್ನುವಂತೆ ಕೇಳಿಸಿಕೊಂಡಳು. ಮದುವೆಗೆ ಮೊದಲೇ ಈ ಕೆಲಸಕ್ಕೆ ಸೇರಿದವಳು ಅವಳು. ಹೊಸದಾಗಿ ಬಂದು ದಿನಕ್ಕೆ ಹತ್ತು ಸಲ ತಂತಿ ತುಂಡು ಮಾಡುತ್ತಿದ್ದ ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳೂ ಅವಳೇ.

"ಅವಳನ್ನೂ ಒಂದು ಮಾತು ಕೇಳಪ್ಪ," ಎಂದಳು ಅಕ್ಕ.

"ಏನೇ, ಸರಿ ತಾನೇ?"

ಎಲ್ಲರೂ ಅವಳ ಕಡೆ ತಿರುಗಿದರು. ಮದುಮಗ ಉಸಿರು ಬಿಗಿಹಿಡಿದಿದ್ದ. ಸೋಡಾಬುಡ್ಡಿಯ ಬರಿಗಣ್ಣು ಒದ್ದೆಯಾಗಿತ್ತು. ಇಲ್ಲ ಅಂದರೆ ಈ ಮೂವರಲ್ಲಿ ಒಬ್ಬರನ್ನು ತಾನೇ ಕೈಹಿಡಿದು ಹೊರಗೆ ಬಿಟ್ಟಂತೆ. ಅವಳು "ಹೂಂ" ಎಂದಳು.

ಮ್ಯಾನೇಜರು ಒಳಗೆ ಬಂದು ವಿಷಯ ಕೇಳಿ ಗಂಡನ ಕೈಯನ್ನು ಬಹಳ ಹೊತ್ತು ಕುಲುಕಿದರು. "ನಾಯಕತ್ವ ಅಂದ್ರೆ ಇದು," ಎಂದು ತಾವೇ ಚಪ್ಪಾಳೆ ಶುರುಮಾಡಿದರು. ಉಳಿದವರೂ ತಟ್ಟಿದರು. ಅವಳ ಕೈಗಳೂ ತಾವಾಗಿಯೇ ಮೇಲೆದ್ದು ಒಂದೆರಡು ಸಲ ತಟ್ಟಿದವು.

ಸಂಜೆ ಬಸ್ಸಿನಲ್ಲಿ ಅವನು ಕಿಟಕಿಯ ಕಡೆಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟ. ಅರ್ಧ ದಾರಿ ಕಳೆದ ಮೇಲೆ, "ಕೋಪಾನಾ?" ಎಂದ.

"ಇಲ್ಲ."

"ಅಮ್ಮನಿಗೂ ಮಂಡಿನೋವು. ಹಗಲೊತ್ತು ಒಬ್ಬರು ಜೊತೆಗಿದ್ದ ಹಾಗಾಯ್ತು. ಬೇರೆ ಏನು ಮಾಡೋಕಾಗ್ತಿತ್ತು, ನೀನೇ ಹೇಳು."

"ನನ್ನನ್ನ ಮೊದಲೇ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ಯಾ?"

ಅವಳು ಯೋಚಿಸಿದಳು. ಬಸ್ಸು ಎರಡು ಕಡೆ ನಿಂತು ಹೊರಟಿತು. "ಗೊತ್ತಿಲ್ಲ," ಎಂದಳು. "ಕೇಳಿದ್ರೆ ಗೊತ್ತಾಗ್ತಿತ್ತು."

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕುಳಿತ.

ಮನೆಯಲ್ಲಿ ಉಳಿದ ಮೊದಲ ದಿನಗಳಲ್ಲಿ ಅವಳು ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದಳು, ಮತ್ತೆ ಏರಿಸಿದಳು. ಅತ್ತೆ ಮಂಚದಿಂದಲೇ, "ಎಷ್ಟು ಅಂತ ಉಜ್ಜುತ್ತೀಯೇ, ಸವೆದು ಹೋದಾವು," ಅಂದರು. ಪಕ್ಕದ ಮನೆಯವಳು ರಜೆಯಾ ಎಂದು ಕೇಳಿದಳು. ಅವಳು ಹೌದೆಂದಳು. ಮತ್ತೊಂದು ವಾರ ಕಳೆದ ಮೇಲೆ ಪಕ್ಕದ ಮನೆಯವಳು ಕೇಳುವುದನ್ನೇ ಬಿಟ್ಟಳು. ರಾತ್ರಿ ಗಂಡ ಬಂದಾಗ, ಇವತ್ತು ಏನಾಯಿತು ಎಂದು ಇವಳು ವಿಚಾರಿಸುತ್ತಿದ್ದಳು. ಏನಿಲ್ಲ, ಅದೇ, ಎನ್ನುತ್ತಿದ್ದ. ಅವಳಿಲ್ಲದೆ ಕೆಲಸ ನಿಲ್ಲಲಿಲ್ಲವೆಂಬುದು ಅವನು ಹೇಳದೆಯೂ ತಿಳಿಯುತ್ತಿತ್ತು.

ಒಂದು ಸಂಜೆ ಅವನು ಬೇಗ ಬಂದ. ಮುಖ ಅರಳಿತ್ತು. "ಉಳಿದ ವಿಭಾಗದವರಿಗೆಲ್ಲ ನಾನೇ ಹೇಳಿಕೊಡಬೇಕಂತೆ. ತಂಡದಲ್ಲಿ ಹೇಗೆ ತೀರ್ಮಾನ ತಗೋಬೇಕು ಅಂತ. ನಾಳೆ ಮೊದಲ ಭಾಷಣ," ಎಂದ. ಮುಖ ತೊಳೆದು ಬಂದು ಕನ್ನಡಿಯ ಮುಂದೆ ನಿಂತು ಶುರುಮಾಡಿದ. ಮೇಜಿನ ವಿಷಯ ಬಂತು, ಗಾಲಿಯ ವಿಷಯ ಬಂತು. "ಆಗ ನಮ್ಮ ತಂಡದ ಸದಸ್ಯರೊಬ್ಬರು ಸ್ವಂತ ಇಚ್ಛೆಯಿಂದ ಮುಂದೆ ಬಂದು..." ಎಂದವನು ಕನ್ನಡಿಯಲ್ಲಿ ಅವಳ ಮುಖ ಕಂಡು ತಡವರಿಸಿದ. ಹೇಗೋ ಮುಗಿಸಿದ.

"ಹೇಗಿತ್ತು?"

ಅವಳು ತೊಳೆದ ಲೋಟವನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದಳು. "ಚೆನ್ನಾಗಿತ್ತು. ಆ 'ಸ್ವಂತ ಇಚ್ಛೆಯಿಂದ' ಅನ್ನೋ ಕಡೆ ನುಂಗಿಬಿಡ್ತೀರಿ. ಅಲ್ಲಿ ಸ್ವಲ್ಪ ನಿಧಾನವಾಗಿ ಹೇಳಿ."

ಅವನು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದ. ಅವಳು ಲೋಟ ಕೆಳಗಿಟ್ಟು, ಅಕ್ಕಪಕ್ಕದವರಿಗೆ ಕೇಳಿಸದಂತೆ ಕಿಟಕಿ ಮುಚ್ಚಿ ಬಂದು, ಅವನ ಎದುರಿಗೆ ನೆಲದ ಮೇಲೆ ಕುಳಿತುಕೊಂಡಳು.